ಮಳೆಗಾಲದ ಸಂಜೆಗೆ ಒಂದು ಸಂಖ್ಯೆ: 554519 ಅನ್ನು ಕಾಗದದ ಮೇಲೆ ಬಿಚ್ಚುವುದು ಹೇಗೆ?

ಜುಲೈ ತಿಂಗಳು. ಸುಂಟಿಕೊಪ್ಪದ ಕಡೆ ಮೂರು ದಿನದಿಂದ ಬಿಡದ ಮಳೆ. ಲೈನ್ ಮೇಲೆ ಎಲ್ಲೋ ಸಿಲ್ವರ್ ಮರ ಬಿದ್ದು ಕರೆಂಟ್ ಹೋಗಿತ್ತು. ಮೊಬೈಲುಗಳೆಲ್ಲ ಚಾರ್ಜ್ ಇಲ್ಲದೆ ಮಲಗಿದ್ದವು. ಶಾಲೆಗೆ ಮಳೆ ರಜೆ. ಒಂಬತ್ತನೇ ಕ್ಲಾಸಿನ ನನ್ನ ತಂಗಿ ಮಗಳು ಒಲೆಯ ಪಕ್ಕ ಕೂತು ನನ್ನ ಹಳೆಯ ಡೈರಿ ತಿರುವಿ ಹಾಕುತ್ತಿದ್ದಳು. ಒಂದು ಪುಟದಲ್ಲಿ 2011ರ ಜನಗಣತಿಯಲ್ಲಿ ಕೊಡಗು ಜಿಲ್ಲೆಯ ಜನಸಂಖ್ಯೆ ಬರೆದಿಟ್ಟಿದ್ದೆ: 5,54,519.

"ಮಾವ, ಇದು ಯಾವುದರಿಂದ ಭಾಗ ಹೋಗ್ತದೆ?"

ನಾನು ಮೂವತ್ತು ವರ್ಷ ಕಾಫಿ ತೋಟದಲ್ಲಿ ರೈಟರ್ ಆಗಿದ್ದವನು. ಚೆಕ್‌ರೋಲ್ ಬರೆದು, ಬಟವಾಡೆ ಲೆಕ್ಕ ಹಾಕಿ ಹಾಕಿ ಅಂಕಿಗಳ ಜೊತೆ ಸಲುಗೆ ಬೆಳೆದಿದೆ. ಆದರೂ ಆ ಪ್ರಶ್ನೆಗೆ ಥಟ್ಟನೆ ಉತ್ತರ ಬರಲಿಲ್ಲ. ಕ್ಯಾಲ್ಕುಲೇಟರ್ ಕೂಡ ಇಲ್ಲ. ಸರಿ, ಪೆನ್ಸಿಲ್ ಹಿಡಿದು ಕೂತೆವು. ಆ ಸಂಜೆ ನಾವು ಮಾಡಿದ್ದನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ನಿಮಗೆ ಬೇಕಾಗಿರುವುದು ಇಷ್ಟೇ: ಚೌಕಳಿ ಪುಸ್ತಕದ ಎರಡು ಹಾಳೆ, ಪೆನ್ಸಿಲ್, ರಬ್ಬರ್, 20ರ ತನಕ ಮಗ್ಗಿ.

ಹೆಜ್ಜೆ 1: ಸಂಖ್ಯೆಯನ್ನು ಸರಿಯಾಗಿ ಇಳಿಸಿಕೊಳ್ಳಿ

ಇದೂ ಒಂದು ಹೆಜ್ಜೆಯಾ ಅಂತ ನಗಬೇಡಿ. ನಾನು ಎಡವಿದ್ದೇ ಇಲ್ಲಿ.

ಅವಳು ತನ್ನ ಹಾಳೆಯಲ್ಲಿ, ನಾನು ನನ್ನ ಹಾಳೆಯಲ್ಲಿ ಬರೆದುಕೊಂಡೆವು. ಕಾಲು ಗಂಟೆ ಕಳೆಯುವಷ್ಟರಲ್ಲಿ ಅವಳು "7ರಿಂದ ಹೋಗ್ತದೆ" ಅಂದಳು. ನಾನು "ಇಲ್ಲ, 7ರಿಂದ ಹೋಗುವುದಿಲ್ಲ, 13ರಿಂದ ಹೋಗ್ತದೆ" ಅಂದೆ. ಇಬ್ಬರೂ ಬಿಡಲಿಲ್ಲ. ಕೊನೆಗೆ ಹಾಳೆ ಪಕ್ಕ ಪಕ್ಕ ಇಟ್ಟು ನೋಡಿದರೆ ನಾನು ಬರೆದದ್ದು 545519. ಎರಡನೇ 5 ಮತ್ತು 4 ಜಾಗ ಬದಲಿಸಿಕೊಂಡಿದ್ದವು. ಸಂಜೆ ಬೆಳಕಿನಲ್ಲಿ ಕನ್ನಡಕ ಹುಡುಕುವ ಸೋಮಾರಿತನಕ್ಕೆ ತಕ್ಕ ಶಾಸ್ತಿ.

ಒಂದು ಅಂಕಿ ಆಚೀಚೆ ಆದರೆ ಸಂಖ್ಯೆಯ ಒಳಗೆ ಏನೇನು ಬದಲಾಗುತ್ತದೆ ನೋಡಿ. 545519 ಅಂದರೆ 13 × 29 × 1447. ನಮ್ಮ 554519ಕ್ಕೂ ಇದಕ್ಕೂ ಒಂದೇ ಒಂದು ಅಪವರ್ತನವೂ ಸಮ ಇಲ್ಲ. ಹೊರಗಿನಿಂದ ಅಣ್ಣ ತಮ್ಮಂದಿರ ಹಾಗೆ ಕಂಡರೂ ಒಳಗೆ ಗುರುತು ಪರಿಚಯವೇ ಇಲ್ಲ.

ಹಾಗಾಗಿ ಒಬ್ಬರು ಅಂಕಿ ಅಂಕಿಯಾಗಿ ಓದಲಿ, ಇನ್ನೊಬ್ಬರು ಬರೆಯಲಿ. ಆಮೇಲೆ ಬಾಯಿಬಿಟ್ಟು ಪೂರ್ತಿ ಹೇಳಿ: ಐದು ಲಕ್ಷದ ಐವತ್ತನಾಲ್ಕು ಸಾವಿರದ ಐನೂರ ಹತ್ತೊಂಬತ್ತು. ಕಣ್ಣು ತಪ್ಪಿದ್ದನ್ನು ಕಿವಿ ಹಿಡಿಯುತ್ತದೆ.

ಹೆಜ್ಜೆ 2: ಕೊನೆಯ ಅಂಕಿ, ಅಂಕಿಗಳ ಮೊತ್ತ

ಖರ್ಚಿಲ್ಲದ ಪರೀಕ್ಷೆಗಳನ್ನು ಮೊದಲು ಮುಗಿಸಿ. ಕೊನೆಯ ಅಂಕಿ 9. ಅಂದರೆ ಬೆಸ ಸಂಖ್ಯೆ, 2ರಿಂದ ಹೋಗುವುದಿಲ್ಲ. 0 ಅಥವಾ 5 ಅಲ್ಲ, ಹಾಗಾಗಿ 5ರಿಂದಲೂ ಇಲ್ಲ.

ಈಗ ಅಂಕಿಗಳನ್ನು ಕೂಡಿ: 5+5+4+5+1+9 = 29. ಮತ್ತೆ ಕೂಡಿ: 2+9 = 11. ಮತ್ತೆ: 1+1 = 2. ಕೊನೆಗೆ 3, 6 ಅಥವಾ 9 ಬಂದಿದ್ದರೆ 3ರಿಂದ ಭಾಗ ಹೋಗುತ್ತಿತ್ತು. ಬಂದದ್ದು 2. ಹಾಗಾಗಿ 3ರಿಂದಲೂ ಇಲ್ಲ, 9ರಿಂದಲೂ ಇಲ್ಲ. ಭಾಗಿಸಿದರೆ ಎರಡರಲ್ಲೂ ಶೇಷ 2. ಹಿಂದೆ ಕೊಡಗಿಗೆ ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಅಂತ ಮೂರೇ ತಾಲ್ಲೂಕು ಇದ್ದವಲ್ಲ, ಅಷ್ಟೂ ಜನರನ್ನು ಮೂರಕ್ಕೆ ಸಮವಾಗಿ ಹಂಚಲು ಹೋದರೆ ಇಬ್ಬರು ಉಳಿಯುತ್ತಾರೆ. ಪೊನ್ನಂಪೇಟೆ, ಕುಶಾಲನಗರ ಸೇರಿ ಐದು ತಾಲ್ಲೂಕು ಆದ ಮೇಲೆ ಹಂಚಿದರೆ ನಾಲ್ವರು.

ಈ 9ರ ಲೆಕ್ಕ ರೈಟರ್‌ಗಳಿಗೆ ಹಳೆಯ ಗೆಳೆಯ. ಕೂಡಿದ್ದು ಸರಿ ಇದೆಯಾ ಅಂತ ನೋಡಲು ಇದಕ್ಕಿಂತ ಸುಲಭದ ದಾರಿ ಇಲ್ಲ. 2011ರಲ್ಲಿ ಜಿಲ್ಲೆಯ ಗಂಡಸರು 2,74,608. ಹೆಂಗಸರು 2,79,911. (ಹೌದು, ನಮ್ಮಲ್ಲಿ ಹೆಂಗಸರೇ ಜಾಸ್ತಿ.) ಮೊದಲ ಸಂಖ್ಯೆಯ ಅಂಕಿಗಳ ಮೊತ್ತ 27, ಅದು 9. ಎರಡನೆಯದರ ಮೊತ್ತ 29, ಅದು 2. 9+2 = 11, ಅಂದರೆ 2. ನಮ್ಮ ಒಟ್ಟು ಸಂಖ್ಯೆಯದೂ 2. ತಾಳೆ ಆಯಿತು.

ಆದರೆ ಒಂದು ಎಚ್ಚರಿಕೆ. ಅಂಕಿಗಳು ಅದಲು ಬದಲಾದರೆ ಮೊತ್ತ ಬದಲಾಗುವುದಿಲ್ಲ. 545519 ಕೂಡ 29ನ್ನೇ ಕೊಡುತ್ತದೆ. ನನ್ನ ತಪ್ಪು ಈ ಜರಡಿಯಲ್ಲಿ ಸಿಗದೆ ಜಾರಿಕೊಂಡದ್ದು ಹಾಗೆ. ತಮಾಷೆ ಅಂದರೆ, ಅದೇ ಗುಣ ಇನ್ನೊಂದು ಕಡೆ ನಮ್ಮನ್ನು ಕಾಪಾಡುತ್ತದೆ. ಅಂಕಿ ಅದಲು ಬದಲಾದಾಗ ಬರುವ ವ್ಯತ್ಯಾಸ ಯಾವಾಗಲೂ 9ರಿಂದ ಭಾಗ ಹೋಗುತ್ತದೆ. ಇಲ್ಲಿ 554519 − 545519 = 9000. ಒಮ್ಮೆ ಬಟವಾಡೆಯ ದಿನ ನನ್ನ ಲೆಕ್ಕದಲ್ಲಿ 180 ರೂಪಾಯಿ ತಾಳೆ ಆಗಲಿಲ್ಲ. 180 ಅಂದ ಕೂಡಲೇ 9ರ ಮಗ್ಗಿ ನೆನಪಾಯಿತು. ಎಲ್ಲೋ ಅಂಕಿ ತಿರುಗಿದೆ ಅಂತ ಹುಡುಕಿದೆ. 4530 ಇರಬೇಕಾದ ಕಡೆ 4350 ಬರೆದಿದ್ದೆ. ಐದು ನಿಮಿಷದ ಕೆಲಸ.

ಹೆಜ್ಜೆ 3: ಮೂರು ಮೂರಾಗಿ ಕತ್ತರಿಸಿ

ಇಡೀ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದದ್ದು ಈ ಹೆಜ್ಜೆ. ಶಾಲೆಯಲ್ಲಿ ಇದನ್ನು ಯಾಕೆ ಹೆಚ್ಚು ಹೇಳಿಕೊಡುವುದಿಲ್ಲವೋ ಗೊತ್ತಿಲ್ಲ.

ನಮ್ಮ ಲಕ್ಷದ ಅಲ್ಪವಿರಾಮವನ್ನು ಸ್ವಲ್ಪ ಹೊತ್ತು ಮರೆತುಬಿಡಿ. ಬಲಗಡೆಯಿಂದ ಮೂರು ಮೂರು ಅಂಕಿ ಎಣಿಸಿ ಕತ್ತರಿಸಿ: 554 | 519.

ಮೊದಲು ಕಳೆಯಿರಿ: 554 − 519 = 35.

ಈ ಪುಟ್ಟ 35 ಅನ್ನು 7, 11, 13ರಿಂದ ಭಾಗಿಸಿ ನೋಡಿ. 7ರಿಂದ ಹೋಗುತ್ತದೆ. 11, 13ರಿಂದ ಹೋಗುವುದಿಲ್ಲ. ದೊಡ್ಡ ಸಂಖ್ಯೆಯದೂ ಅದೇ ಕತೆ: 554519 ಕೂಡ 7ರಿಂದ ಹೋಗುತ್ತದೆ, 11, 13ರಿಂದ ಇಲ್ಲ. ಒಂದು ಕಳೆಯುವ ಲೆಕ್ಕದಲ್ಲಿ ಮೂರು ಪರೀಕ್ಷೆ ಮುಗಿಯಿತು.

ಯಾಕೆ ಹೀಗೆ? ಗುಟ್ಟು 1001ರಲ್ಲಿದೆ. 7 × 11 × 13 = 1001. ಈಗ ನಮ್ಮ ಸಂಖ್ಯೆಯನ್ನು ಹೀಗೆ ಬರೆಯಿರಿ:

554519 = 554 × 1000 + 519
= 554 × 1001 − 554 + 519
= 554 × 1001 − 35

554 × 1001 ಅನ್ನುವ ದೊಡ್ಡ ಗಂಟು 7, 11, 13 ಮೂರರಿಂದಲೂ ಹೋಗುತ್ತದೆ. ಅದನ್ನು ಪಕ್ಕಕ್ಕೆ ತಳ್ಳಿ. ಉಳಿದ 35ರ ಹಣೆಬರಹವೇ ಇಡೀ ಸಂಖ್ಯೆಯ ಹಣೆಬರಹ.

ಈಗ ಅದೇ ಎರಡು ತುಂಡುಗಳನ್ನು ಕೂಡಿ: 554 + 519 = 1073. ಇದನ್ನೂ ಕತ್ತರಿಸಿ ಕೂಡಿ: 1 + 73 = 74.

74 ಅಂದರೆ 2 × 37. ಹಾಗಾಗಿ 554519 ಕೂಡ 37ರಿಂದ ಹೋಗುತ್ತದೆ! ಇಲ್ಲಿನ ಗುಟ್ಟು 999. ಅದು 27 × 37. 554 × 1000 ಅನ್ನು 554 × 999 + 554 ಅಂತ ಒಡೆದರೆ ಸಾಕು, ಮೇಲಿನ ಹಾಗೆಯೇ ದೊಡ್ಡ ಗಂಟು ಪಕ್ಕಕ್ಕೆ ಹೋಗಿ ತುಂಡುಗಳ ಮೊತ್ತ ಮಾತ್ರ ಉಳಿಯುತ್ತದೆ.

ಅಂಕಿ ಜಾಸ್ತಿ ಇದ್ದರೂ ಹೆದರಬೇಡಿ. ಬಲಗಡೆಯಿಂದ ಮೂರು ಮೂರಾಗಿ ಕತ್ತರಿಸುತ್ತಾ ಹೋಗಿ. 37ಕ್ಕೆ ಎಲ್ಲ ತುಂಡುಗಳನ್ನೂ ಕೂಡಿ. 7, 11, 13ಕ್ಕೆ ಬಲ ತುದಿಯಿಂದ ಒಂದನ್ನು ಕೂಡಿ, ಮುಂದಿನದನ್ನು ಕಳೆದು, ಮತ್ತೆ ಕೂಡಿ. ಹನ್ನೆರಡು ಅಂಕಿಯ ಸಂಖ್ಯೆ ಕೂಡ ನಾಲ್ಕು ತುಂಡಿಗೆ ಮುಗಿಯುತ್ತದೆ.

ನಾನು ತಪ್ಪಾಗಿ ಬರೆದ 545 | 519ಕ್ಕೆ ಇದನ್ನೇ ಮಾಡಿ ನೋಡಿ: ವ್ಯತ್ಯಾಸ 26. ಅದು 13 × 2. ನನಗೆ 13 ಸಿಕ್ಕಿದ್ದು ಹೀಗೆ. ವಿಧಾನ ಸರಿಯೇ ಇತ್ತು, ಸಂಖ್ಯೆ ಮಾತ್ರ ಬೇರೆಯವರದು!

ಹೆಜ್ಜೆ 4: ಸಿಕ್ಕಿದ ಕೂಡಲೇ ಭಾಗಿಸಿ, ಗಡಿ ಇಳಿಸಿ

ಅಪವರ್ತನ ಸಿಕ್ಕಿದ ಮೇಲೆ ದೊಡ್ಡ ಸಂಖ್ಯೆಯನ್ನೇ ಹಿಡಿದುಕೊಂಡು ಕೂರಬೇಡಿ. ತಕ್ಷಣ ಭಾಗಿಸಿ.

554519 ÷ 7 = 79217
79217 ÷ 37 = 2141

ಇನ್ನು ಕೈಯಲ್ಲಿ ಉಳಿದದ್ದು 2141. ಇದು ಇನ್ನೂ ಒಡೆಯುತ್ತದಾ, ಅಥವಾ ಅವಿಭಾಜ್ಯವಾ, ಅಂದರೆ 1 ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಭಾಗ ಹೋಗದ್ದಾ?

ಇಲ್ಲಿ ಬೇಕಾಗುವುದು ವರ್ಗಮೂಲದ ಗಡಿ. 46 × 46 = 2116. 47 × 47 = 2209, ಅದು 2141ನ್ನು ದಾಟಿತು. 2141 ಎರಡು ಸಂಖ್ಯೆಗಳ ಗುಣಲಬ್ಧ ಆಗಬೇಕಾದರೆ ಎರಡೂ 47 ಅಥವಾ ಅದಕ್ಕಿಂತ ದೊಡ್ಡವು ಆಗಿರಲು ಸಾಧ್ಯವೇ ಇಲ್ಲ, ಗುಣಿಸಿದರೆ 2141 ದಾಟಿಬಿಡುತ್ತದೆ. ಕನಿಷ್ಠ ಒಂದು 46ರ ಒಳಗೆ ಇರಲೇಬೇಕು. ಹಾಗಾಗಿ 46ರ ತನಕದ ಅವಿಭಾಜ್ಯಗಳಿಂದ ಮಾತ್ರ ಭಾಗಿಸಿ ನೋಡಿದರೆ ಸಾಕು. ಅವು ಒಟ್ಟು 14: 2, 3, 5, 7, 11, 13, 17, 19, 23, 29, 31, 37, 41, 43.

2, 3, 5 ಅನ್ನು ನಾವು ಇಡೀ ಸಂಖ್ಯೆಗೇ ಪರೀಕ್ಷಿಸಿ ಆಗಿದೆ. ಇಡೀ ಸಂಖ್ಯೆಗೆ ಹೋಗದ್ದು ಅದರ ತುಂಡಿಗೂ ಹೋಗುವುದಿಲ್ಲ. 11, 13 ಕೂಡ ಹಾಗೆಯೇ ಬಿಟ್ಟುಹೋದವು. ಆದರೆ 7 ಮತ್ತು 37 ಅನ್ನು ಮತ್ತೆ ನೋಡಲೇಬೇಕು, ಒಂದೇ ಅಪವರ್ತನ ಎರಡು ಸಲ ಇರಬಹುದು. ಇದನ್ನು ಮರೆಯುವವರು ಬಹಳ ಜನ. 7ಕ್ಕೆ ಮತ್ತೆ ಕತ್ತರಿಸುವ ಆಟ: 2 | 141, ವ್ಯತ್ಯಾಸ 139. ಅದನ್ನು 7ರಿಂದ ಭಾಗಿಸಿದರೆ ಶೇಷ 6. ಹೋಗುವುದಿಲ್ಲ.

ಉಳಿದವಕ್ಕೆ ಭಾಗಾಕಾರ ಮಾಡಲೇಬೇಕು. ಶೇಷಗಳನ್ನು ಒಂದು ಸಾಲಿನಲ್ಲಿ ಬರೆದಿಡಿ, ಇಬ್ಬರು ಮಾಡಿದರೆ ತಾಳೆ ನೋಡಲು ಸುಲಭ:

17ಕ್ಕೆ ಶೇಷ 16
19ಕ್ಕೆ 13
23ಕ್ಕೆ 2
29ಕ್ಕೆ 24
31ಕ್ಕೆ 2
37ಕ್ಕೆ 32
41ಕ್ಕೆ 9
43ಕ್ಕೆ 34

ಎಲ್ಲೂ ಸೊನ್ನೆ ಇಲ್ಲ. ಹಾಗಾದರೆ 2141 ಅವಿಭಾಜ್ಯ. ನಮ್ಮ ಸಂಖ್ಯೆ ಪೂರ್ತಿ ಬಿಚ್ಚಿಕೊಂಡಿತು:

554519 = 7 × 37 × 2141

2141ಕ್ಕೆ ಎರಡು ಸೇರಿಸಿದರೆ 2143. ಅದೂ ಅವಿಭಾಜ್ಯ. ಹೀಗೆ ಎರಡರ ಅಂತರದಲ್ಲಿ ನಿಲ್ಲುವ ಜೋಡಿಗೆ ಅವಳಿ ಅವಿಭಾಜ್ಯ ಅನ್ನುತ್ತಾರೆ. ಇಂಥ ಜೋಡಿಗಳು ಎಂದಾದರೂ ಮುಗಿಯುತ್ತವೆಯೋ, ಮುಗಿಯದೆ ಬರುತ್ತಲೇ ಇರುತ್ತವೆಯೋ ಅನ್ನುವುದನ್ನು ಇವತ್ತಿನ ತನಕ ಯಾರೂ ಸಾಧಿಸಿ ತೋರಿಸಿಲ್ಲ. ನಮ್ಮ ಜಿಲ್ಲೆಯ ಜನಸಂಖ್ಯೆಯ ಒಳಗೆ ಅಂಥದ್ದರ ಒಂದು ತುದಿ ಅಡಗಿದೆ ಅಂತ ಗೊತ್ತಾದಾಗ ತಂಗಿ ಮಗಳು ಕಾಫಿ ಲೋಟ ಕೆಳಗಿಟ್ಟಳು.

ಗಡಿ ಇಳಿಸಿದ್ದರಿಂದ ಎಷ್ಟು ಶ್ರಮ ಉಳಿಯಿತು ನೋಡಿ. 554519ರ ವರ್ಗಮೂಲ 744 ಮತ್ತು 745ರ ನಡುವೆ ಬರುತ್ತದೆ. 744ರ ಒಳಗೆ 132 ಅವಿಭಾಜ್ಯಗಳಿವೆ. 7 ಸಿಕ್ಕಿದಾಗ ಗಡಿ 281ಕ್ಕೆ ಇಳಿಯಿತು. 37 ಸಿಕ್ಕಿದಾಗ 46ಕ್ಕೆ. ನಾವು ನಿಜವಾಗಿ ಕೈಯಲ್ಲಿ ಮಾಡಿದ ಉದ್ದದ ಭಾಗಾಕಾರ ಎಂಟೇ ಎಂಟು.

ಎಲ್ಲ ಸಂಖ್ಯೆಗಳೂ ಇಷ್ಟು ಒಳ್ಳೆಯವಲ್ಲ ಅನ್ನುವುದೂ ನೆನಪಿರಲಿ. ಎರಡು ದೊಡ್ಡ ಅವಿಭಾಜ್ಯಗಳನ್ನು ಗುಣಿಸುವುದು ಸುಲಭ, ಗುಣಿಸಿದ್ದನ್ನು ಮತ್ತೆ ಒಡೆಯುವುದು ಮಹಾ ಕಷ್ಟ. ಅದೇ ಕಷ್ಟವನ್ನು ಬೀಗ ಮಾಡಿಕೊಂಡವರು ರಿವೆಸ್ಟ್, ಶಮೀರ್, ಏಡಲ್‌ಮನ್ ಅನ್ನುವ ಮೂವರು, 1977ರಲ್ಲಿ. ಇವತ್ತು ಇಂಟರ್ನೆಟ್‌ನಲ್ಲಿ ಗುಟ್ಟು ಕಾಯಲು ಆ ಬೀಗವನ್ನೂ ಬಳಸುತ್ತಾರೆ, 617 ಅಂಕಿಗಳ ಸಂಖ್ಯೆಗಳಲ್ಲಿ. 2020ರಲ್ಲಿ ಅಂಥದ್ದೇ ಒಂದು 250 ಅಂಕಿಯ ಸಂಖ್ಯೆಯನ್ನು ಒಡೆದರು. ಅದಕ್ಕೆ ರಾಶಿ ರಾಶಿ ಕಂಪ್ಯೂಟರ್ ಬೇಕಾಯಿತು. ನಮಗೆ ಒಂದು ಪೆನ್ಸಿಲ್ ಸಾಕಾಯಿತು.

ಹೆಜ್ಜೆ 5: ಭಾಜಕಗಳನ್ನು ಎಣಿಸಿ

ಮೂರು ಅವಿಭಾಜ್ಯ ಕೈಯಲ್ಲಿವೆ. ಪ್ರತಿಯೊಂದನ್ನೂ ಒಂದೋ ತೆಗೆದುಕೊಳ್ಳಬೇಕು, ಇಲ್ಲ ಬಿಡಬೇಕು. ಎರಡು ಆಯ್ಕೆ, ಮೂರು ಸಲ: 2 × 2 × 2 = 8. ಹಾಗಾಗಿ ಭಾಜಕಗಳು, ಅಂದರೆ ಶೇಷ ಉಳಿಸದೆ ಭಾಗಿಸುವ ಸಂಖ್ಯೆಗಳು, ಎಂಟು. ಒಂದನ್ನೂ ತೆಗೆದುಕೊಳ್ಳದಿದ್ದರೆ 1. ಆಮೇಲೆ 7, 37, 2141. ಎರಡೆರಡು ಸೇರಿದರೆ 259, 14987, 79217. ಮೂರೂ ಸೇರಿದರೆ 554519.

ಇವನ್ನು ಜೋಡಿಯಾಗಿ ಬರೆದರೆ ತಪ್ಪು ಆಗುವುದಿಲ್ಲ, ಪ್ರತಿ ಜೋಡಿಯ ಗುಣಲಬ್ಧವೂ 554519 ಆಗಬೇಕು:

1 × 554519
7 × 79217
37 × 14987
259 × 2141

ಇದು ಹುಡುಗಿಗೆ ತಲೆಗೆ ಹೋಗಲಿಲ್ಲ. "ಭಾಜಕ ಅಂದರೆ ಏನು ಪ್ರಯೋಜನ ಮಾವ?" ಅಂತ ಕೇಳಿದಳು. ಅಂಗಳದಾಚೆ ನಮ್ಮ ನರ್ಸರಿಯ ಪಾತಿ ಕಾಣುತ್ತಿತ್ತು. ಪ್ಲಾಸ್ಟಿಕ್ ಚೀಲದಲ್ಲಿ ರೊಬಸ್ಟಾ ಸಸಿಗಳು, ಮಳೆಯಲ್ಲಿ ನೆನೆದು ಹೊಳೆಯುತ್ತಿದ್ದವು. ಅಲ್ಲಿ 259 ಸಸಿ ಇವೆ ಅಂದುಕೋ ಅಂದೆ. ಒಂದೂ ಹೆಚ್ಚು ಕಮ್ಮಿ ಆಗದ ಹಾಗೆ ಆಯತವಾಗಿ ಜೋಡಿಸಬೇಕು. ಏಳು ಸಾಲು, ಸಾಲಿಗೆ ಮೂವತ್ತೇಳು. ಅದು ಬಿಟ್ಟರೆ ಒಂದೇ ಉದ್ದದ ಸಾಲು, ಅಷ್ಟೇ. ಬೇರೆ ದಾರಿ ಇಲ್ಲ. 2141 ಸಸಿ ಇದ್ದರೆ? ಅದನ್ನು ಯಾವ ರೀತಿಯಲ್ಲೂ ಸಾಲು ಸಾಲಾಗಿ ಮುಗಿಸಲಾಗುವುದಿಲ್ಲ. ಎಷ್ಟು ಸಾಲು ಮಾಡಿದರೂ ಕೊನೆಯ ಸಾಲು ಕುಂಟುತ್ತದೆ. ಅವಿಭಾಜ್ಯ ಅಂದರೆ ಪಾತಿಗೆ ಕೂರದ ಸಂಖ್ಯೆ. ಅವಳಿಗೆ ಅರ್ಥವಾಯಿತು. "ಹಾಗಾದ್ರೆ ಒಂದು ಸಸಿ ಸತ್ತು ಹೋದ್ರೆ ಒಳ್ಳೇದು" ಅಂದಳು. 2140 ಆದರೆ 20 ಸಾಲು, ಸಾಲಿಗೆ 107. ಮಾತು ಸರಿಯೇ ಇತ್ತು, ಆದರೆ ಸಸಿ ಸಾಕಿದವನ ಎದುರು ಹೇಳುವ ಮಾತಲ್ಲ.

ಭಾಜಕಗಳ ಮೊತ್ತ ಬೇಕಿದ್ದರೆ ಎಂಟನ್ನೂ ಕೂಡುವ ಬದಲು ಹೀಗೆ ಮಾಡಿ: (1+7) × (1+37) × (1+2141) = 8 × 38 × 2142 = 651168. ಇದರಿಂದ ಸಂಖ್ಯೆಯನ್ನೇ ಕಳೆದರೆ 96649. ಅಂದರೆ ತನ್ನನ್ನು ಬಿಟ್ಟು ಉಳಿದ ಭಾಜಕಗಳೆಲ್ಲ ಸೇರಿದರೂ ಸಂಖ್ಯೆಯ ಐದನೇ ಒಂದು ಭಾಗ ಆಗುವುದಿಲ್ಲ. 6ಕ್ಕೆ 1+2+3 ಸೇರಿದರೆ ಸರಿಯಾಗಿ 6 ಬರುತ್ತದೆ, 28ಕ್ಕೂ ಹಾಗೆಯೇ. ಅವು ಪರಿಪೂರ್ಣ ಸಂಖ್ಯೆಗಳು. ನಮ್ಮದು ಕೊರತೆಯ ಸಂಖ್ಯೆ.

ನಡುವೆ ಒಂದು ಆಟ

259 ಸಿಕ್ಕಿತಲ್ಲ, ಅದನ್ನು ಸುಮ್ನೆ ಬಿಡಬೇಡಿ. ಮನೆಗೆ ಬಂದ ನೆಂಟರಿಗೆ ಹೇಳಿ: ನಿಮ್ಮ ವಯಸ್ಸನ್ನು 259ರಿಂದ ಗುಣಿಸಿ, ಬಂದದ್ದನ್ನು 39ರಿಂದ ಗುಣಿಸಿ. ವಯಸ್ಸು 53 ಅಂತಿಟ್ಟುಕೊಳ್ಳಿ. 53 × 259 = 13727. ಅದನ್ನು 39ರಿಂದ ಗುಣಿಸಿದರೆ 535353. ವಯಸ್ಸು ಮೂರು ಸಲ! 259 × 39 = 10101 ಆಗುವುದೇ ಇದರ ಮರ್ಮ. ಹತ್ತರಿಂದ ತೊಂಬತ್ತೊಂಬತ್ತರ ತನಕದ ಯಾವ ವಯಸ್ಸಿಗಾದರೂ ನಡೆಯುತ್ತದೆ.

39ರ ಬದಲು 429ರಿಂದ ಗುಣಿಸಿದರೆ? 259 × 429 = 111111. ಈ ಆರು ಒಂದುಗಳನ್ನು ಅದರಿಂದಲೇ ಗುಣಿಸಿದರೆ 12345654321. ಏರಿ ಇಳಿಯುವ ಈ ಸಂಖ್ಯೆಯನ್ನು ನಮ್ಮ ನಾಡಿನ ಮಹಾವೀರಾಚಾರ್ಯ ಒಂಬತ್ತನೇ ಶತಮಾನದಲ್ಲೇ ವರ್ಣಿಸಿದ್ದ. ಒಂದರಿಂದ ಶುರುವಾಗಿ ಆರರ ತನಕ ಬೆಳೆದು ಮತ್ತೆ ಅದೇ ಕ್ರಮದಲ್ಲಿ ಇಳಿಯುವುದು ಅಂತ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದವನು ಅವನು. ನಮ್ಮ 7 ಮತ್ತು 37 ಅಷ್ಟು ಹಳೆಯ ಕುಟುಂಬದವು.

ಹೆಜ್ಜೆ 6: ವರ್ಗಗಳಾಗಿ ಬರೆಯಿರಿ

ಯಾವುದೇ ಬೆಸ ಸಂಖ್ಯೆಯನ್ನು ಎರಡು ವರ್ಗಗಳ ವ್ಯತ್ಯಾಸವಾಗಿ ಬರೆಯಬಹುದು. ಒಂದು ಜೋಡಿ ಭಾಜಕ ತೆಗೆದುಕೊಳ್ಳಿ. ಎರಡನ್ನೂ ಕೂಡಿ ಅರ್ಧ ಮಾಡಿ. ಕಳೆದು ಅರ್ಧ ಮಾಡಿ. ನಾವು 259, 2141 ಜೋಡಿ ಹಿಡಿದೆವು.

(2141 + 259) ÷ 2 = 1200
(2141 − 259) ÷ 2 = 941

ಹಾಗಾಗಿ 554519 = 1200² − 941². ತಾಳೆ ನೋಡಿ: 1440000 − 885481 = 554519. ಅಷ್ಟು ಒರಟು ಕಾಣುವ ಸಂಖ್ಯೆಯ ಹೊಟ್ಟೆಯಲ್ಲಿ ಇಷ್ಟು ದುಂಡಗಿನ 1200 ಕೂತಿತ್ತು! ಉಳಿದ ಮೂರು ಜೋಡಿಗಳಿಂದ ಇನ್ನೂ ಮೂರು ರೀತಿ ಬರುತ್ತದೆ, ಆದರೆ ಅವು ಇಷ್ಟು ಚೆಂದ ಇಲ್ಲ.

ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದಾ? ಇಲ್ಲ. ಹುಡುಕಲು ಹೋಗಬೇಡಿ. 4ರಿಂದ ಭಾಗಿಸಿದರೆ ಶೇಷ 3 ಬರುವ ಅವಿಭಾಜ್ಯ ಬೆಸ ಸಲ ಬಂದಿದ್ದರೆ ಅದು ಆಗುವುದಿಲ್ಲ ಅನ್ನುವುದು ನಿಯಮ. ಇಲ್ಲಿ 7 ಅಂಥದ್ದು, ಒಂದೇ ಸಲ ಬಂದಿದೆ. ಆ 7 ಅನ್ನು ತೆಗೆದುಹಾಕಿ, ಉಳಿದ 79217 ಎರಡು ರೀತಿಯಲ್ಲಿ ಬರುತ್ತದೆ: 281² + 16², ಮತ್ತು 271² + 76². ಒಂದು ಅವಿಭಾಜ್ಯ ಅಡ್ಡ ನಿಂತದ್ದಕ್ಕೆ ಎಷ್ಟು ನಷ್ಟ ಅಲ್ವಾ!

ಹೆಜ್ಜೆ 7: ಕಂಪ್ಯೂಟರಿನ ಭಾಷೆಗೆ

ದ್ವಿಮಾನ ಪದ್ಧತಿಗೆ ಬದಲಿಸುವುದು ತೀರಾ ಸುಲಭ. ಅರ್ಧ ಮಾಡುತ್ತಾ ಹೋಗಿ. ಬೆಸ ಇದ್ದರೆ ಪಕ್ಕದಲ್ಲಿ 1, ಸಮ ಇದ್ದರೆ 0 ಬರೆಯಿರಿ. ಅರ್ಧದ ಚೂರನ್ನು ಬಿಡಿ.

554519, 277259, 138629, 69314, 34657, 17328, 8664, 4332, 2166, 1083, 541, 270, 135, 67, 33, 16, 8, 4, 2, 1.

ಈಗ ಕೆಳಗಿನಿಂದ ಮೇಲಕ್ಕೆ ಓದಿ: 10000111011000010111. ಒಟ್ಟು ಇಪ್ಪತ್ತು ಸ್ಥಾನ. ಎಣಿಸಿ ನೋಡಿ: ಹತ್ತು ಒಂದು, ಹತ್ತು ಸೊನ್ನೆ. ಸಮ ಪಾಲು. ಇದಕ್ಕೆ ಏನೂ ವಿಶೇಷ ಅರ್ಥ ಇಲ್ಲ, ನೋಡಲು ಖುಷಿ ಅಷ್ಟೇ.

ಹೆಜ್ಜೆ 8: ಇನ್ನೊಂದು ಸಂಖ್ಯೆಯ ಜೊತೆ ನೆಂಟಸ್ತಿಕೆ ಹುಡುಕಿ

ಕೊಡಗಿನ ವಿಸ್ತೀರ್ಣ 4102 ಚದರ ಕಿಲೋಮೀಟರ್. ಜನಸಂಖ್ಯೆಗೂ ಇದಕ್ಕೂ ಸಾಮಾನ್ಯ ಅಪವರ್ತನ ಇದೆಯಾ? ಇದಕ್ಕೆ ಎರಡನ್ನೂ ಒಡೆಯುವ ಅಗತ್ಯವೇ ಇಲ್ಲ. ಯೂಕ್ಲಿಡ್‌ನ ದಾರಿ ಇದೆ: ದೊಡ್ಡದನ್ನು ಚಿಕ್ಕದರಿಂದ ಭಾಗಿಸಿ, ಚಿಕ್ಕದನ್ನು ಶೇಷದಿಂದ ಭಾಗಿಸಿ, ಸೊನ್ನೆ ಬರುವ ತನಕ ಬಿಡಬೇಡಿ.

554519 = 135 × 4102 + 749
4102 = 5 × 749 + 357
749 = 2 × 357 + 35
357 = 10 × 35 + 7
35 = 5 × 7

ಸೊನ್ನೆಗೆ ಮೊದಲಿನ ಶೇಷ 7. ಅದೇ ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ). ಐದು ಸಾಲಿನಲ್ಲಿ ಕೆಲಸ ಮುಗಿಯಿತು. ಮೊದಲ ಸಾಲಿನ 135 ಕೂಡ ಸುಮ್ಮನೆ ಬಂದದ್ದಲ್ಲ, ಅದೇ ಜನಸಾಂದ್ರತೆ: ಚದರ ಕಿಲೋಮೀಟರಿಗೆ 135 ಜನ. ಈ ದಾರಿ ಅಂಕಿ ಎಷ್ಟೇ ಇದ್ದರೂ ಬೇಗ ಮುಗಿಯುತ್ತದೆ. ಒಡೆಯಲಾಗದ ಸಂಖ್ಯೆಗಳ ನಡುವಿನ ನೆಂಟಸ್ತಿಕೆಯನ್ನೂ ಇದು ಹೇಳಿಬಿಡುತ್ತದೆ. ನನಗೆ ಕೇಳಿದರೆ, ಇಡೀ ಲೇಖನದಲ್ಲಿ ಒಂದೇ ಒಂದು ವಿಧಾನ ಕಲಿಯಬೇಕು ಅಂದರೆ ಇದನ್ನೇ ಕಲಿಯಿರಿ.

ಹೆಜ್ಜೆ 9: ಈಗ ನಿಮ್ಮ ಸರದಿ

2001ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ 548561. ಮೊದಲು ಅಂಕಿಗಳನ್ನು ಕೂಡಿ. ಮತ್ತೆ 29! ಹಾಗಾದರೆ ಹತ್ತು ವರ್ಷದಲ್ಲಿ ಹೆಚ್ಚಾದ ಜನ 9ರಿಂದ ಭಾಗ ಹೋಗಲೇಬೇಕು. 554519 − 548561 = 5958, ಅದು 9 × 662. ಸರಿ ಇದೆ.

ಈಗ ಹೆಜ್ಜೆ 3. 548 | 561. ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ: 13. ಹಾಗಾಗಿ 548561 = 13 × 42197.

ಇಲ್ಲಿಂದ ಮುಂದೆ ತಾಳ್ಮೆ ಬೇಕು. 42197ರ ವರ್ಗಮೂಲ 205 ದಾಟುತ್ತದೆ. 205ರ ಒಳಗಿನ ಅವಿಭಾಜ್ಯಗಳು 46. ಕೆಲವು ಆಗಲೇ ಬಿಟ್ಟುಹೋಗಿದ್ದರೂ ಉದ್ದದ ಭಾಗಾಕಾರ ಸುಮಾರು ನಲವತ್ತು ಮಾಡಬೇಕು. ನಾನು ಅಷ್ಟಕ್ಕೆ ಸಾಕು ಅಂದೆ, ಕಣ್ಣು ಉರಿಯುತ್ತಿತ್ತು. ಅವಳು ಬಿಡಲಿಲ್ಲ. ದೀಪ ಹತ್ತಿರ ಎಳೆದುಕೊಂಡು 17ರಿಂದ ಶುರು ಮಾಡಿದಳು. 137ಕ್ಕೆ ಬಂದಾಗ "ಮಾವ, ಶೇಷ ಒಂದು!" ಅಂತ ಕೂಗಿದಳು. 7ಕ್ಕೂ 11ಕ್ಕೂ ಶೇಷ 1 ಬಂದಿತ್ತು. ಅಂದರೆ ಒಬ್ಬರು ಕಡಿಮೆ ಆಗಿ 42196 ಆಗಿದ್ದರೆ ಅದು 4 × 7 × 11 × 137 ಅಂತ ಪುಡಿಪುಡಿಯಾಗುತ್ತಿತ್ತು. ಒಂದರಿಂದ ತಪ್ಪಿಸಿಕೊಂಡಿತು.

ಊಟಕ್ಕೆ ಕರೆಯುವ ಹೊತ್ತಿಗೆ ಅವಳು 199ಕ್ಕೆ ಬಂದಿದ್ದಳು. ಶೇಷ 9. ಹಾಳೆಯ ಕೊನೆಗೆ "42197 ಅವಿಭಾಜ್ಯ" ಅಂತ ಬರೆದು ಎರಡು ಗೆರೆ ಎಳೆದಳು. ಕರೆಂಟ್ ಬಂದದ್ದು ಮಾರನೇ ದಿನ ಮಧ್ಯಾಹ್ನ. ಮೊಬೈಲ್ ಚಾರ್ಜ್ ಆದ ಕೂಡಲೇ ತಾಳೆ ನೋಡಿದಳು. ಸರಿ ಇತ್ತು.